ಕಡೆಗೋಲಿನ ತಗ್ಗು

“ತಡೀರಣ್ಣ, ಆ ತಗ್ಗು ಮುಟ್‌ಬ್ಯಾಡಿ” ಎಂದು ಕಿರಂಗೂರಿನ ಲಕ್ಷ್ಮಮ್ಮ ಕೂಗಿದಾಗ ನಮ್ಮ ಯಜಮಾನರು ಗಾಬರಿಯಿಂದ ಲೇತ್ ನಿಲ್ಲಿಸಿದರು. ನಮ್ಮ ಮನೆಗೆ ಹಾಲು ಕೊಡುವ ಆಕೆ, ಮುರಿದ ಹಳೆಯ ಕಡೆಗೋಲಿಗೆ ಹೊಸ ಬುಡ ಮಾಡಿಸಲು ಬಂದಿದ್ದರು. ಬಿಡುವಿದ್ದಾಗೆಲ್ಲ ಲೇತಿನಲ್ಲಿ ಮರ ಕಡೆಯುವ ಹವ್ಯಾಸದ ಇವರು, ಕೋಲನ್ನೂ ನುಣುಪು ಮಾಡಲು ಉಳಿ ಹಿಡಿದಿದ್ದರು.

“ಹೊಸದರ ಹಾಗೆ ಆಗುತ್ತೆ, ಲಕ್ಷ್ಮಮ್ಮ.”

“ನಮ್ಮವ್ವ ಅಗ್ಗ ಎಳ್ದೂ ಎಳ್ದೂ ಸವ್ದಿರೋ ಜಾಗ ಕಣಣ್ಣ ಅದು. ಅವ್ಳಂತೂ ಇಲ್ಲ, ತಗ್ಗಾದ್ರೂ ಇರ್ಲಿ ಬುಡಿ.”

ಇವರು ತಗ್ಗಿನ ಮೇಲೊಮ್ಮೆ ಬೆರಳಾಡಿಸಿ ಉಳಿ ಕೆಳಗಿಟ್ಟರು. ಆಮೇಲೆ ಹೊಸ ಬುಡವನ್ನಷ್ಟೇ ಕಡೆದು ಕೂರಿಸಿಕೊಟ್ಟರು.

ನನ್ನಮ್ಮ ಬಳಸುತ್ತಿದ್ದ ಸೌಟಿನ ಒಂದು ಅಂಚು ಪೂರಾ ಸವೆದಿದೆ. ಹಳೇ ಸಾಮಾನಿನವನಿಗೆ ಹಾಕಲೆಂದು ತೆಗೆದಿಟ್ಟಿದ್ದೆ. ಈಗ ದಿನವೂ ಸಾರು ಬಡಿಸುವುದು ಅದರಲ್ಲೇ.