ಹಗ್ಗ ಹಿಡಿದವರ ಪಾಲು

ಭಾವಿಕೇರಿ ಕಡೆಯ ನಮ್ಮ ದಂಡೆಯಲ್ಲಿ ಕೈರಂಪಣಿ ಬಲೆಯನ್ನು ಎರಡೂ ತುದಿಯ ಹಗ್ಗ ಹಿಡಿದು ಕಡಲಿನಿಂದ ಎಳೆಯುವಾಗ ಒಂದು ನೇಮವಿದೆ. ಹಗ್ಗಕ್ಕೆ ಕೈ ಹಚ್ಚಿದವರು ದಾರಿಹೋಕರೇ ಆಗಲಿ, ಮೀನಿನಲ್ಲಿ ಅವರಿಗೆ ಪಾಲು ಸಲ್ಲಬೇಕು. ಪಾಲು ಹಾಕುವವಳು ನನ್ನ ಅವ್ವ.

ಕಾರವಾರದಿಂದ ಸಂಗ್ರಹಾಲಯದವನೊಬ್ಬ ಬಂದಾಗಲೂ ಹಾಗೇ ಆಯಿತು. ಫೋಟೊಕ್ಕೆಂದು ಅರೆಗಳಿಗೆ ಹಗ್ಗ ಹಿಡಿದನೋ ಇಲ್ಲವೋ, ಅವ್ವ ಅವನ ಚೀಲಕ್ಕೆ ಬಂಗಡೆ ಸುರಿದಳು. ಆಮೇಲೆ ವಾರವಾರ ಬಂದ, ನಮ್ಮ ಮನೆಯ ಮೀನುಸಾರು ಉಂಡ. ಬಂಗಡೆ ಸೀಳಿ ಉಪ್ಪು ತುಂಬುವುದು ಹೇಗೆ, ಶೆಟ್ಲಿಗೆ, ಅಂದರೆ ಸೀಗಡಿಗೆ, ಎಷ್ಟು ಬಿಸಿಲು ಬೇಕು, ಎಲ್ಲವನ್ನೂ ಅವ್ವ ಹೇಳಿಕೊಟ್ಟಳು. ಅಜ್ಜನ ಕಾಲದ ಬಲೆಯನ್ನು ಅಟ್ಟದಿಂದ ಇಳಿಸಿ ಕೊಟ್ಟಳು.

ಈ ಕಸುಬಿನ ನೆನಪು ಉಳಿಯಬೇಕೆಂದು ಹೆಂಗಸರು ಮೀನು ಒಣಗಿಸುವ ಮರಳಿನ ಮೇಲೇ ಸಂಗ್ರಹಾಲಯದ ಕಟ್ಟಡ ಬರುವುದಿತ್ತು. ಅದಕ್ಕೆ ಅವರೆಲ್ಲರ ಒಪ್ಪಿಗೆ ಬೇಕಿತ್ತು.

"ನಾವು ಎಲ್ಲಿ ಒಣಗ್ಸೂದು?" ಎಂದಳು ಅವ್ವ.

"ಇಲ್ಲೇ ಒಣಗಿಸಿ ಅಮ್ಮಾ. ಜನ ಬರೋದೇ ಅದನ್ನ ನೋಡೋಕೆ" ಎಂದ ಅವನು.

ಆ ಮಾತು ಒಪ್ಪಿಗೆ ಪತ್ರದಲ್ಲಿ ಇರಲಿಲ್ಲ. ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾದ ನಾನು, ಓದು ಬಾರದ ಅವ್ವನ ಪರವಾಗಿ, ಅದನ್ನು ಓದಿದ್ದೆ. ಆದರೂ "ನಮ್ಮನೆಲಿ ಉಂಡವ, ಮೋಸ ಮಾಡೂದಿಲ್ಲ, ಸಹಿ ಹಾಕು" ಎಂದೆ. ಅವ್ವ ಹಾಕಿದ್ದನ್ನು ನೋಡಿ ಉಳಿದ ಹೆಂಗಸರೂ ಹಾಕಿದರು.

ಕಟ್ಟಡ ಎದ್ದಿತು. ಒಳಗೆ, ಮೀನು ಒಣಗಿಸುತ್ತಿರುವ ಅವ್ವನ ಆಳೆತ್ತರದ ಚಿತ್ರ. ಹೊರಗೆ, ಇಲ್ಲಿ ಮೀನು ಒಣಗಿಸಬಾರದೆಂಬ ಫಲಕ.

"ವಾಸನೆ ಬಂದ್ರೆ ಪ್ರವಾಸಿಗರು ನಿಲ್ಲೋದಿಲ್ಲ ಮೇಡಂ" ಎಂದ ಅವನು, ನಾನು ಕೇಳಿದ್ದಕ್ಕೆ. ಅಷ್ಟು ದಿನ ಅವನಿಗೆ ತಂಗಿಯಾಗಿದ್ದ ನಾನು ಮೇಡಂ ಆಗಿದ್ದೆ. ಉಂಡ ಮನೆಗೆ ಎರಡು ಬಗೆದ ನೀಚ! ಈಗಲೂ ಅಂಕೋಲೆ ಪೇಟೆಯಲ್ಲಿ ಒಣಮೀನಿನ ಬುಟ್ಟಿ ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ.

ಮೊನ್ನೆ, ಮಳೆಗಾಲ ಮುಗಿದು ಬಲೆ ಬಿಟ್ಟ ದಿನ, ಅವನು ಪ್ರವಾಸಿಗರನ್ನು ಕರೆತಂದು ಅವರೆದುರು ಹಗ್ಗ ಹಿಡಿದ. ಎಷ್ಟು ಧೈರ್ಯ ನೋಡಿ. ಎದುರು ಸಾಲಿನಲ್ಲಿ ನಾನು ಅಂಗೈ ಸುಲಿಯುವಷ್ಟು ಎಳೆಯುತ್ತಿದ್ದೆ. ಈ ಸಲ ಅವ್ವ ಅವನಿಗೆ ಒಂದು ಮೀನೂ ಕೊಡುವುದಿಲ್ಲ ಎಂದುಕೊಂಡೆ. ಅವಳು ನೇರ ಅವನ ಬಳಿಗೇ ಹೋಗಿ ಬುಟ್ಟಿ ಇಳಿಸಿದಳು.

"ತಕಾ, ನಿನ್ನ ಪಾಲು. ಹಗ್ಗ ಹಿಡ್ದವ್ರಿಗೆ ಕೊಡ್ದೇ ಇರೂಕೆ ಬತ್ತಿಲ್ಲ. ಒಣಗ್ಸೂಕೆ ಮಾತ್ರ ನಮ್ಮತ್ರ ಜಾಗ ಕೇಳ್ಬೇಡ."

ಅವನು ತಲೆ ತಗ್ಗಿಸಿದ. ನನಗೆ ಒಳಗೊಳಗೇ ಖುಷಿಯಾಯಿತು. ಸಾಲಿನಲ್ಲಿ ನನ್ನ ಸರದಿ ಬಂದಾಗ ಚೀಲದ ಬಾಯಿ ಬಿಡಿಸಿ ಹಿಡಿದೆ. ಅವ್ವ ನನ್ನ ಈಚೆಯವಳಿಗೆ ಪಾಲು ಹಾಕಿದಳು. ಆಮೇಲೆ ನನ್ನನ್ನು ದಾಟಿ ಆಚೆಯವಳಿಗೆ ಹಾಕಿದಳು.