ಬಾಗಿಲ ಬಳಿಯ ಚಾಪೆ

ಯೆರವಡಾದ ಸಮಾಜ ಮಂದಿರದಲ್ಲಿ ನಮ್ಮಂಥ ಕನ್ನಡದ ಹೆಂಗಸರಿಗೆ ಯೋಗ ಕಲಿಸುತ್ತಿದ್ದ ಅಕ್ಕೋರು ಯಾರನ್ನೂ ಮುಟ್ಟುತ್ತಿರಲಿಲ್ಲ. ಬೆನ್ನ ಹಿಂದೆ ಹಾಯುವ ಮೊದಲು, 'ಹಿಂದಿನಿಂದ ಹೊಂಟೀನ್ರಿ' ಎಂದು ಹೇಳಿಯೇ ಹೋಗುವರು. ಬಾಗಿಲು ಎಂದೂ ಮುಚ್ಚುತ್ತಿರಲಿಲ್ಲ. ಕೈ ಎತ್ತುವುದಿರಲಿ, ಕಣ್ಣು ಮುಚ್ಚುವುದಿರಲಿ, ಅವರದು ಒಂದೇ ಮಾತು: 'ಬೇಕನಿಸಿದ್ರ ಮಾಡ್ರಿ, ಬ್ಯಾಡನಿಸಿದ್ರ ಬಿಡ್ರಿ.' ನನಗೇನು ಬೇಕೆಂದು ಅಲ್ಲಿಯತನಕ ಯಾರೂ ಕೇಳಿರಲಿಲ್ಲ. ಆ ಮಾತು ಕೇಳಿದರೇ ಸಿಟ್ಟು ಬರುತ್ತಿತ್ತು.

ಗಂಡನ ಹೊಡೆತ ತಾಳದೆ ಬರಿಗಾಲಲ್ಲಿ ಮನೆ ಬಿಟ್ಟು ಓಡಿದವಳು ನಾನು. ಆಮೇಲೆ ಎಲ್ಲಿ ಕೂತರೂ ಚಪ್ಪಲಿ ಬಿಡುವ ಧೈರ್ಯವಾಗುತ್ತಿರಲಿಲ್ಲ. ಬಾಗಿಲ ಬಳಿಯ ಚಾಪೆಯ ಮೇಲೆ ಹಾಗೆಯೇ ಕೂರುತ್ತಿದ್ದೆ. ಒಂದು ದಿನ ಪಕ್ಕದವಳು ತಡೆಯಲಾರದೆ ಕೇಳಿಯೇಬಿಟ್ಟಳು: 'ಅಕ್ಕೋರ, ಚಪ್ಪಲಿ ಹಾಕ್ಕೊಂಡು ಯೋಗಾ ಮಾಡ್ತಾರೇನ್ರಿ?'

ನಾನು ಹೊರಡಲು ಎದ್ದೆ. ಅಷ್ಟರಲ್ಲಿ ಅಕ್ಕೋರು ಹೊರಗೆ ಹೋಗಿ ತಮ್ಮ ಚಪ್ಪಲಿ ಮೆಟ್ಟಿಕೊಂಡು ಬಂದರು, ತಮ್ಮ ಚಾಪೆಯ ಮೇಲೆ ಕೂತರು. 'ಹೂಂ, ಉಸಿರು ತಗೋರಿ' ಎಂದರು. ಅಂದಿನಿಂದ ದಿನಾ ಹಾಗೆಯೇ ಕೂತರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಏನನಿಸಿತೋ, ಚಪ್ಪಲಿ ಎಲ್ಲರ ರಾಶಿಯಲ್ಲಿ ಬಿಟ್ಟು ಒಳಗೆ ಬಂದೆ. ಅಕ್ಕೋರು ನೋಡಿದರು. ಕೊನೆಯಲ್ಲಿ ಎಲ್ಲರೊಡನೆ ಬೆನ್ನು ಚಾಚಿ ಮಲಗಿದೆ, ಮೊದಲ ಸಲ. 'ನಾ ಒಂದೀಟು ಹೊರಗ ಹೋಗಿ ಬರ್ತೀನ್ರಿ' ಎಂಬ ಅವರ ದನಿ ಕೇಳಿತು.

ಆಮೇಲೆ ಹೊರಬಂದು ನೋಡಿದೆ. ನನ್ನ ಚಪ್ಪಲಿಗಳನ್ನು ರಾಶಿಯಿಂದ ತೆಗೆದು, ಹೊಸ್ತಿಲಿಗೆ ತಾಗಿಸಿ, ಮೂತಿ ರಸ್ತೆಯ ಕಡೆ ತಿರುಗಿಸಿ ಇಟ್ಟಿದ್ದರು. ಕಾಲು ತೂರಿಸಿದರೆ ಸಾಕು, ಓಡಬಹುದಿತ್ತು.

ನಾನು ನಿಧಾನವಾಗಿ ಮೆಟ್ಟಿಕೊಂಡೆ.