ಹೊರಗಿನವರೇ ಅಳೆಯಬೇಕು

ಶಿಕಾರಿಪುರಕ್ಕೆ ಬಂದ ಮೂರನೆಯ ದಿನ ಬೆಳಿಗ್ಗೆ ಮನೆಯೊಡತಿ ಗಿರಿಜಮ್ಮ ಬಾಗಿಲು ತಟ್ಟಿ ನನ್ನ ಕೈಗೆ ಕೊಳಗ ಕೊಟ್ಟರು. ಭತ್ತ ಅಳೆಯುವ ಪಾತ್ರೆ ಅದು. ಅಂಗಳದಲ್ಲಿ ರಾಶಿ ಇತ್ತು. ಪಾಲಿಗೆಂದು ಸೊರಬದಿಂದ ಬಂದಿದ್ದ ಅವರ ಮೈದುನ ಖಾಲಿ ಚೀಲ ಹಿಡಿದು ನಿಂತಿದ್ದರು.

“ಅಳೀರಿ ಮೇಡಂ” ಎಂದರು ಗಿರಿಜಮ್ಮ.

“ನಾನಾ? ನನಗೆ ಬರುವುದಿಲ್ಲ.”

“ಬರ್ದೇ ಇರೋದೇ ಚಲೋ. ಮನಿಯವ್ರು ಅಳದ್ರೆ ಕೈ ತಂತಮ್ಮ ಚೀಲದ ಕಡಿಗೇ ವಾಲ್ತದೆ. ಪಾಲು ಅಂದ್ರೆ ಹೊರಗಿನವ್ರೇ ಅಳೀಬೇಕ್ರೀ.”

“ಮಂಗಳೂರಿನವ್ರು, ಮೀನು ತೂಗಿದಂಗೆ ತೂಗ್ಬೇಡಿ ಮತ್ತೆ” ಎಂದು ಮೈದುನ ನಕ್ಕರು.

ತೊಂಬತ್ತರ ದಶಕದ ಕೊನೆಯ ವರ್ಷ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸಲು ಬಂದಿದ್ದೆ. ಕುಚ್ಚಲಕ್ಕಿ ಗಂಜಿಯ ಜಾಗಕ್ಕೆ ಜೋಳದ ರೊಟ್ಟಿ ಬಂತು. ಮಂಗಳೂರಿನ ಬೆವರು ಇಲ್ಲಿಲ್ಲ, ಆದರೆ ಭಾನುವಾರ ಮಾತಾಡಲು ಜನರೂ ಇಲ್ಲ. ನನ್ನ ಪುಸ್ತಕದ ಕನ್ನಡಕ್ಕೆ ಅಂಗಡಿಯವರು “ಏನಂದ್ರಿ?” ಎನ್ನುತ್ತಿದ್ದರು. ಮಾತಿನ ತುದಿಗೆ ‘ರೀ’ ಸೇರಿಸಲು ಕಲಿತ ದಿನ ಒಬ್ಬರು ಮರುಪ್ರಶ್ನೆಯಿಲ್ಲದೆ ಉಪ್ಪು ಕೊಟ್ಟರು.

ಕಾಲೇಜಿನಲ್ಲಿ ಹೊಸ ಕಂಪ್ಯೂಟರ್ ಒಂದೇ ಇತ್ತು, ಅದು ಕಚೇರಿಗೂ ಬೇಕಿತ್ತು. ಅದರೊಳಗೆ ತಂತ್ರಾಂಶದಿಂದಲೇ ಇನ್ನೊಂದು ಕಂಪ್ಯೂಟರನ್ನು ಹೂಡಿ ವಿದ್ಯಾರ್ಥಿಗಳಿಗೆ ಬಿಟ್ಟೆ. ಅದು ನಿಜವಾದ ಯಂತ್ರವಲ್ಲ, ಯಂತ್ರದೊಳಗಿನ ಬಾಡಿಗೆದಾರ. ಈಸೂರಿನ ಸುಮಂಗಲಾ ಅದರಲ್ಲೇ ತನ್ನ ಪ್ರಾಜೆಕ್ಟ್ ಮಾಡಿದಳು: ಪಹಣಿಯ ಸರ್ವೆ ನಂಬರುಗಳನ್ನು ಬೇಗ ಜೋಡಿಸುವ ವಿಧಾನ. ಹಳೆಯ ವಿಧಾನಕ್ಕೆ ನಲವತ್ತು ಸೆಕೆಂಡು, ಅವಳದಕ್ಕೆ ಹದಿನೆಂಟು. ನಾನು ಸಹಿ ಹಾಕಿದೆ. ದಾವಣಗೆರೆಯ ತರಬೇತಿಗೆ ಕಾಲೇಜು ಕಳಿಸಬಹುದಾಗಿದ್ದ ಒಂದೇ ಹೆಸರು ಅವಳದಾಯಿತು.

ವಾರದ ನಂತರ ಒಂದು ಮಧ್ಯಾಹ್ನ ತಲೆ ಎತ್ತಿದೆ. ಗೋಡೆಯ ಗಡಿಯಾರಕ್ಕಿಂತ ಒಳಗಿನ ಯಂತ್ರದ ಗಡಿಯಾರ ಎಂಟು ನಿಮಿಷ ಹಿಂದಿತ್ತು.

ಪ್ರೊಸೆಸರಿನಲ್ಲಿ ತಾನು ಮಾಡಿದ ಕೆಲಸವನ್ನು ತಾನೇ ಎಣಿಸುವ ಕೌಂಟರುಗಳಿವೆ. ಅವನ್ನು ಒಳಗಿನಿಂದ ಓದಲು ನೋಡಿದೆ, ಬಂದದ್ದು ಸೊನ್ನೆ. ಒಳಗಿನ ಯಂತ್ರಕ್ಕೆ ಸಿಗುವುದು ಹೊರಗಿನದು ಕೊಟ್ಟ ಗಡಿಯಾರ ಮಾತ್ರ. ಹೊರಗಿನದು ಬೇರೆ ಕೆಲಸಕ್ಕೆ ತಿರುಗಿದರೆ ಆ ಗಡಿಯಾರ ನಿಲ್ಲುತ್ತದೆ, ನಿಂತದ್ದು ಒಳಗಿನವರಿಗೆ ತಿಳಿಯುವುದಿಲ್ಲ. ಸುಮಂಗಲಾ ತನ್ನ ವಿಧಾನವನ್ನು ಅಳೆದ ಹೊತ್ತಿನಲ್ಲಿ ಕಚೇರಿಯವರು ಅಂಕಪಟ್ಟಿ ಮುದ್ರಿಸುತ್ತಿದ್ದರು. ಗಡಿಯಾರ ನಿಂತ ಹೊತ್ತು ಅವಳ ಹದಿನೆಂಟು ಸೆಕೆಂಡಿನಲ್ಲಿ ಸೇರಿರಲಿಲ್ಲ.

ಅವಳನ್ನು ಕರೆದು ಹೇಳಿದೆ. ಇಬ್ಬರೂ ಸೇರಿ ಹೊರಗಿನ ಯಂತ್ರದ ಮೇಲೆಯೇ ಮತ್ತೆ ಓಡಿಸಿದೆವು. ಹಳೆಯದಕ್ಕೆ ನಲವತ್ತು, ಅವಳದಕ್ಕೆ ಮೂವತ್ತೊಂಬತ್ತು.

“ಯಾರೂ ಕೇಳಿಲ್ಲಲ್ಲ ಮೇಡಂ.”

“ಸಹಿ ನನ್ನದು.”

“ಸಹಿ ನಿಮ್ದು, ಸೀಟು ನಂದು.” ಅವಳು ಕಾಗದಗಳನ್ನು ಮಡಚಿದಳು. “ನೀವು ಈ ಊರಿನವ್ರಾಗಿದ್ರೆ ಹಿಂಗ್ ಮಾಡ್ತಿರ್ಲಿಲ್ಲ ಬಿಡ್ರಿ.”

ಪ್ರಾಂಶುಪಾಲರಿಗೆ ಪತ್ರ ಬರೆದೆ, ತಪ್ಪು ನನ್ನದೆಂದೂ ಬರೆದೆ. ತರಬೇತಿಗೆ ಬೇರೊಬ್ಬನ ಹೆಸರು ಹೋಯಿತು. ಸುಮಂಗಲಾ ತರಗತಿ ತಪ್ಪಿಸಲಿಲ್ಲ; ಹಿಂದಿನ ಬೆಂಚಿಗೆ ಹೋದಳು. ತಿಂಗಳ ಬಳಿಕ ತಿದ್ದಿದ ವರದಿಯನ್ನು ಮೇಜಿನ ಮೇಲಿಟ್ಟು, “ಈಗ ಸರಿ ಅದೇನ್ರಿ?” ಎಂದಷ್ಟೇ ಕೇಳಿದಳು. ಸರಿಯಿತ್ತು.

ಗಿರಿಜಮ್ಮನಿಗೆ ಎಲ್ಲ ಹೇಳಿದೆ. “ಅಳತಿ ನೆಟ್ಟಗೈತಿ” ಎಂದರು. “ಆದ್ರ ಅಳದವ್ರನ್ನ ಯಾರೂ ಊಟಕ್ಕ ಕರ್ಯಂಗಿಲ್ಲ” ಎಂದು ರೊಟ್ಟಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ರಜೆಗೆ ಮಂಗಳೂರಿಗೆ ಹೋದಾಗ ಅಣ್ಣಂದಿರು ಮನೆಯ ಹಿತ್ತಿಲನ್ನು ಎರಡು ಪಾಲು ಮಾಡುತ್ತಿದ್ದರು. ನಾನು ಬಾವಿಕಟ್ಟೆಯ ಮೇಲೆ ಕೂತಿದ್ದೆ. ದೊಡ್ಡಣ್ಣ ಅಳತೆಯ ಟೇಪನ್ನು ನನ್ನತ್ತ ಚಾಚಿದ.

“ನೀನೀಗ ಹೊರಗಿನವಳಲ್ವಾ ಮಾರಾಯ್ತಿ, ನೀನೇ ಹಿಡಿ. ಜಗಳ ಬೇಡ.”

ಎದ್ದು ಹೋಗಿ ಟೇಪಿನ ತುದಿ ಹಿಡಿದೆ.